ನೂರಕ್ಕೆ ಆರು

ಜೇಬುಗಡಿಯಾರದ ಮುಚ್ಚಳ ಜಗ್ಗಲಿಲ್ಲ. ಔರೆಲ್ ಸಾಂದೋ ಮೊಂಡು ಚಾಕುವಿನ ಮೊನೆಯನ್ನು ಅಂಚಿನ ಸಂದಿಗೆ ಇನ್ನೊಮ್ಮೆ ಕೊಟ್ಟು, ಉಸಿರು ಬಿಗಿಹಿಡಿದು, ಹೆಬ್ಬೆರಳಿಂದ ಒತ್ತಿದ. ಟಕ್ಕೆಂದು ಬಿಚ್ಚಿಕೊಂಡಿತು. ಒಳಗಿನಿಂದ ನೂರು ವರ್ಷದ ಹಳೆಯ ಎಣ್ಣೆಯ ವಾಸನೆ ಬಂತು.

ಕಿಟಕಿಯಾಚೆ ಫ್ರಿಟ್ಸ್ ಹೊಲಕ್ಕೆ ಗೊಬ್ಬರ ಎರಚುತ್ತಿದ್ದ. ನವೆಂಬರಿನ ಎರಡನೆಯ ಗುರುವಾರ. ದನಗಳು ಬೆಟ್ಟದ ಹುಲ್ಲುಗಾವಲಿನಿಂದ ಇಳಿದು ಬಂದು ತಿಂಗಳಾಗಿತ್ತು. ಸೌದೆಯನ್ನು ಗೋಡೆಯುದ್ದಕ್ಕೂ ಒಟ್ಟಿಯಾಗಿತ್ತು. ಹಿಮ ಬೀಳುವ ಮೊದಲು ಇದೊಂದು ಕೆಲಸ ಮುಗಿದರೆ ಕಣಿವೆಯವರು ಮತ್ತೆ ಹೊಲದ ಮುಖ ನೋಡುವುದು ಏಪ್ರಿಲಿನಲ್ಲಿ. ಹಿಂದೆಲ್ಲ ಈ ಹೊತ್ತಿಗೆ ಮನೆಮನೆಯ ಕಿಟಕಿಯ ಕೆಳಗೂ ಕೆಲಸದ ಬೆಂಚು ಬಂದು ಕೂರುತ್ತಿತ್ತು. ಬೇಸಿಗೆಯಲ್ಲಿ ಹಾಲು ಕರೆದ ಬೆರಳುಗಳೇ ಚಳಿಗಾಲದಲ್ಲಿ ಗಡಿಯಾರದ ಚಕ್ರಗಳ ಹಲ್ಲು ತೀಡುತ್ತಿದ್ದವು. ಆಮೇಲೆ ಕಾರ್ಖಾನೆ ಬಂತು. ಆಮೇಲೆ ಕಾರ್ಖಾನೆ ಹೋಯಿತು. ಈಗ ಅದೇ ಕಿಟಕಿಗಳಲ್ಲಿ ಹೂಕುಂಡಗಳಿದ್ದವು, ಅವುಗಳ ಹಿಂದೆ ಟೀವಿ ಇತ್ತು.

ಹಳೆಯ ಶಾಲೆಯ ಕೆಳಗಿನ ಕೋಣೆಯೇ ಮ್ಯೂಸಿಯಂ. ಗುರುವಾರ ಮಾತ್ರ ತೆರೆಯುವುದು. ಅಟ್ಟ ಗುಡಿಸುವಾಗ, ಸತ್ತವರ ಕಪಾಟು ಖಾಲಿ ಮಾಡುವಾಗ ಸಿಕ್ಕಿದ್ದನ್ನು ಜನ ತರುತ್ತಾರೆ. ಔರೆಲ್ ನೋಡಿ ಚೀಟಿ ಬರೆಯುತ್ತಾನೆ. ಚೀಟಿಯಲ್ಲಿ ನಾಲ್ಕು ಸಾಲು: ಮಾಡಿದವರು, ಊರು, ವರ್ಷ, ಉಪಯೋಗ. ಐವತ್ತೆಂಟರ ಈ ವಯಸ್ಸಿನಲ್ಲಿ ಅವನು ತಪ್ಪಿಲ್ಲದೆ ಮಾಡಬಲ್ಲ ಕೆಲಸ ಇದೊಂದೇ ಎಂದು ಅವನಿಗೆ ಅನ್ನಿಸುತ್ತಿತ್ತು.

ಎದುರಿಗೆ ಕುಳಿತಿದ್ದ ಪಟ್ಟಣದ ಗಂಡಹೆಂಡಿರು ಮುಂದಕ್ಕೆ ಬಾಗಿದರು.

"ನಮ್ಮ ಮುತ್ತಜ್ಜ ತುರ್ಕಿಯಿಂದ ತಂದಿದ್ದಂತೆ," ಎಂದ ಗಂಡ. "ಅಂಕಿ ನೋಡಿ, ಅವರದ್ದೇ."

"ಅಂಕಿ ಅವರದ್ದೇ."

"ಹಾಗಾದ್ರೆ ಇಸ್ತಾಂಬುಲ್ಲು?"

"ಇಸ್ತಾಂಬುಲ್ಲಿಗೆ ಅಂತ ಮಾಡಿದ್ದು. ಮಾಡಿದ್ದು ಇಲ್ಲಿ. ಸೇತುವೆ ದಾಟಿದ್ರೆ ಎಡಗಡೆ ಮೂರನೇ ಮನೆ. ಈಗ ಅಲ್ಲಿ ಕರುಗಳನ್ನ ಕಟ್ತಾರೆ."

ಹೆಂಡತಿಯ ಮುಖ ಬಾಡಿತು. "ಅಂದ್ರೆ ಮುತ್ತಜ್ಜ ತುರ್ಕಿಗೆ ಹೋಗೇ ಇರಲಿಲ್ವಾ?"

"ಗಡಿಯಾರ ಹೋಗಿರಲಿಲ್ಲ," ಎಂದ ಔರೆಲ್. "ಮುತ್ತಜ್ಜನ ವಿಷಯ ನನಗೆ ಗೊತ್ತಿಲ್ಲ."

ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಮುಚ್ಚಳವನ್ನು ಬೆಳಕಿಗೆ ಓರೆ ಮಾಡಿದ. ಅಲ್ಲಿ ರಿಪೇರಿ ಮಾಡಿದವರು ಸೂಜಿಯಿಂದ ಗೀಚಿಟ್ಟ ಗುರುತುಗಳಿದ್ದವು: ಒಂದು ಅಕ್ಷರ, ಒಂದು ಇಸವಿ, ಒಂದು ಚುಕ್ಕಿ. ಬರಿಗಣ್ಣಿಗೆ ಅದು ಬರೀ ತರಚು. ಕಣಿವೆಯಲ್ಲಿ ಒಬ್ಬೊಬ್ಬರ ಗುರುತು ಒಂದೊಂದು. ಗುರುತು ಹಾಕಿದವರು ಆ ಗಡಿಯಾರಕ್ಕೆ ಸಾಯುವ ತನಕ ಹೊಣೆ. ಸ್ಮಶಾನದ ಕಲ್ಲುಗಳಿಗಿಂತ ಔರೆಲ್‌ಗೆ ಈ ಗೀರುಗಳ ಮೇಲೆ ನಂಬಿಕೆ ಹೆಚ್ಚು. ಕಲ್ಲಿನ ಮೇಲೆ ಎಲ್ಲರೂ ಒಳ್ಳೆಯವರೇ. ಇಲ್ಲಿ ಯಾರು ಎಷ್ಟು ಸರಿಯಿದ್ದರು ಎನ್ನುವುದಷ್ಟೇ ಇರುತ್ತದೆ.

ಗಂಡಹೆಂಡಿರು ಚೀಟಿ ತೆಗೆದುಕೊಂಡು, ಥ್ಯಾಂಕ್ಸ್ ಹೇಳುವುದನ್ನು ಮರೆತು ಹೋದರು.

ಹತ್ತು ಗಂಟೆಗೆ ಫ್ರಿಟ್ಸ್ ಕಾಫಿಗೆ ಬಂದ. ಔರೆಲ್‌ನ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು ದನ ಸಾಕುವವನು, ಒಂದೇ ಕ್ಲಾಸಿನಲ್ಲಿ ಓದಿದವನು. ಬೂಟು ಬಾಗಿಲಲ್ಲೇ ಬಿಟ್ಟರೂ ಗೊಬ್ಬರದ ವಾಸನೆ ಒಳಗೆ ಬಂತು. ಜೇಬಿನಿಂದ ಒಂದು ಸ್ಟಾಪ್‌ವಾಚು ತೆಗೆದು ಮೇಜಿನ ಮೇಲಿಟ್ಟ.

"ಅಪ್ಪಂದು. ಹಳೇ ಕೋಟಲ್ಲಿ ಸಿಕ್ತು. ಇದೇನು ಹೇಳು, ನೋಡಾಣ."

ಮುಖದ ಸುತ್ತ ಕೆಂಪು ಬಣ್ಣದಲ್ಲಿ ಕಿಲೋಮೀಟರಿನ ಅಂಕಿಗಳಿದ್ದವು. ಔರೆಲ್ ಅದನ್ನು ಮುಟ್ಟದೆಯೇ ಬರೆಯತೊಡಗಿದ. "ಫಿರಂಗಿಯವರದ್ದು. ದೂರದಲ್ಲಿ ಬೆಂಕಿ ಕಂಡ ಕೂಡಲೇ ಒತ್ತೋದು, ಸದ್ದು ಕೇಳಿದಾಗ ನಿಲ್ಲಿಸೋದು. ಶತ್ರು ಎಷ್ಟು ದೂರ ಇದ್ದಾನೆ ಅಂತ ಮುಳ್ಳೇ ತೋರಿಸುತ್ತೆ."

"ಫಿರಂಗಿ ಅಂತೆ, ಫಿರಂಗಿ! ನಮ್ಮಪ್ಪ ಇದರಲ್ಲಿ ಗುಡುಗು ಅಳೀತಿದ್ದ ಮಾರಾಯ. ಮಿಂಚಿದ ಕೂಡ್ಲೆ ಒತ್ತೋನು. ಐದರ ಒಳಗೆ ಬಂತೋ, 'ಎಲ್ಲಾ ಬಿಟ್ಟು ಹುಲ್ಲು ಹೇರ್ರೋ' ಅಂತ ಕೂಗೋನು. ಹುಲ್ಲು ಅಂತ ಬರಿ."

"ಮಾಡಿದ್ದು ಸೈನ್ಯಕ್ಕೆ."

"ಉಪಯೋಗ ಅಂತ ತಾನೇ ಕೇಳಿರೋದು ನಿನ್ನ ಚೀಟಿ? ಯಾತಕ್ಕೆ ಮಾಡಿದ್ರು ಅಂತ ಕೇಳಿಲ್ವಲ್ಲ."

ಔರೆಲ್ ಫಿರಂಗಿ ಎಂದೇ ಬರೆದ. ಫ್ರಿಟ್ಸ್ ಕಾಫಿಗೆ ಒಂದು ಗುಟುಕು ಪ್ಲಮ್ ಹಣ್ಣಿನ ಸಾರಾಯಿ ಬೆರೆಸಿಕೊಂಡು, ಚೀಟಿಯನ್ನು ತಲೆಕೆಳಗಾಗಿಯೇ ಓದಿ ನಕ್ಕ. "ಓದಿದೋನು ಕಣಪ್ಪ ನೀನು. ನಿನಗೆ ಹುಲ್ಲು ಹೇಗೆ ಕಾಣುತ್ತೆ?"

ಅವನು ಹೋದ ಮೇಲೆ ಕೋಣೆಯಲ್ಲಿ ಲೋಲಕದ ಸದ್ದು ಮಾತ್ರ ಉಳಿಯಿತು. ಕಾರ್ಖಾನೆಯ ಹೆಬ್ಬಾಗಿಲಲ್ಲಿ ತೂಗುತ್ತಿದ್ದ ದೊಡ್ಡ ಗಡಿಯಾರ ಅದು. ಕಾರ್ಖಾನೆಯ ಬೇರೆಲ್ಲ ಸಾಮಾನು ಹರಾಜಾದಾಗ ಇದನ್ನು ಯಾರೂ ಕೊಂಡಿರಲಿಲ್ಲ, ಮನೆಗೆ ದೊಡ್ಡದಾಯಿತು.

ಎರಡು ಗಂಟೆಗೆ ಮಾರ್ತ್ ಬಂದಳು.

ಚೌಕದ ಆ ಬದಿಯ ಮನೆಯವಳು. ಎಪ್ಪತ್ತೆಂಟು ವರ್ಷ. ಮ್ಯೂಸಿಯಂ ತೆರೆದ ಈ ಹದಿನೈದು ವರ್ಷಗಳಲ್ಲಿ ಒಂದು ಗುರುವಾರವೂ ಈ ಮೆಟ್ಟಿಲು ಹತ್ತಿರಲಿಲ್ಲ. ಕಾರ್ಖಾನೆಯಲ್ಲಿ ಗಡಿಯಾರಗಳ ಸುರುಳಿಯನ್ನು ಹದಕ್ಕೆ ತರುತ್ತಿದ್ದವಳು ಅವಳೇ. ಕೂದಲಿಗಿಂತ ತೆಳುವಾದ ಆ ಉಕ್ಕಿನ ಎಳೆ ಎಷ್ಟು ಉದ್ದ ಇರಬೇಕೋ ಅಷ್ಟಿದ್ದರೆ ಗಡಿಯಾರ ಸರಿ, ಇಲ್ಲದಿದ್ದರೆ ತಪ್ಪು. ಅವಳ ಕೈಯಿಂದ ಹೊರಟ ಒಂದು ಗಡಿಯಾರ ಖಗೋಳ ವೀಕ್ಷಣಾಲಯದ ನಿಖರತೆಯ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂದಿತ್ತು. ಆ ಪ್ರಶಸ್ತಿಪತ್ರ ಲೋಲಕದ ಗಡಿಯಾರದ ಪಕ್ಕದಲ್ಲೇ ಇತ್ತು, ಈಗಲೂ.

ಅವಳು ಅದರ ಕಡೆ ನೋಡಲಿಲ್ಲ. ಕುರ್ಚಿ ಎಳೆದು ಕುಳಿತು, ಕೈಗವಸು ಕಳಚಿ, ಚೀಲದಿಂದ ಸಕ್ಕರೆ ಪೊಟ್ಟಣದ ನೀಲಿ ಕಾಗದದಲ್ಲಿ ಸುತ್ತಿದ್ದನ್ನು ಬಿಚ್ಚಿದಳು.

"ಚೀಟಿ ಬೇಕಿತ್ತು."

ಔರೆಲ್‌ಗೆ ಕೂಡಲೇ ಗೊತ್ತಾಯಿತು. ಗುಂಡಿಯ ಪಕ್ಕದಲ್ಲಿ ಭತ್ತದ ಕಾಳಿನಷ್ಟು ತಗ್ಗು. ಅರವತ್ತೆರಡನೇ ಇಸವಿಯ ಒಂದು ಬೆಳಿಗ್ಗೆ ಅವನೇ ಅದನ್ನು ಮೆಟ್ಟಿಲ ಮೇಲೆ ಬೀಳಿಸಿದ್ದ. ಹರಾಜಿನಲ್ಲಿ ಯಾರದೋ ಪಾಲಾಯಿತೆಂದುಕೊಂಡಿದ್ದ. ಮುಖದಲ್ಲಿ ಏನೂ ತೋರಗೊಡದೆ ಚೀಟಿ ಎಳೆದುಕೊಂಡ.

"ನಿಮ್ಮದಾ?"

"ಹರಾಜಿನ ಹಿಂದಿನ ದಿನ ಡ್ರಾದಿಂದ ಎತ್ತಿಕೊಂಡೆ. ಯಾರದ್ದು ಅಂತ ನೀವೇ ಹೇಳ್ಬೇಕು, ಸಾಂದೋ ಅವರೇ. ಏನಿದು?"

"ಸ್ಟಾಪ್‌ವಾಚು."

"ಅಷ್ಟು ನಂಗೂ ಗೊತ್ತು. ಅದಕ್ಕೆ ಗುರುವಾರದ ತನಕ ಕಾಯ್ಬೇಕಾ?"

"ನೂರು ಭಾಗದ್ದು. ನಿಮಿಷಕ್ಕೆ ಅರವತ್ತರ ಬದಲು ನೂರು ಗೆರೆ. ಲೆಕ್ಕ ಸುಲಭ ಅಂತ."

"ಯಾರಿಗೆ ಸುಲಭ?"

ಅವನು ಮಾಡಿದವರ ಹೆಸರು ಬರೆದ. ಊರು ಬರೆದ. ವರ್ಷ ಬರೆದ. ನಾಲ್ಕನೆಯ ಸಾಲಿಗೆ ಬಂದು ಪೆನ್ನಿನ ಮೂತಿ ಒರೆಸಿದ.

ಈ ಗಡಿಯಾರ ಕೈಗೆ ಬಂದಾಗ ಅವನಿಗೆ ಇಪ್ಪತ್ತಾರು. ಕಣಿವೆಯಿಂದ ಜ಼್ಯೂರಿಕ್‌ಗೆ ಹೋಗಿ ಇಂಜಿನಿಯರಿಂಗ್ ಓದಿ ಬಂದ ಮೊದಲಿಗ. ಕಾರ್ಖಾನೆಯ ಮಹಡಿಯಲ್ಲಿ ಮೂವತ್ತೆಂಟು ಹೆಂಗಸರು ಸಾಲಾಗಿ ಕೂತು ಗಡಿಯಾರಗಳಿಗೆ ತೂಗುಚಕ್ರ ಕೂರಿಸುತ್ತಿದ್ದರು. ಅವನ ಕೆಲಸ ಅವರ ಬೆನ್ನ ಹಿಂದೆ ನಿಂತು, ಒಂದು ಚಕ್ರ ಕೂರಿಸಲು ಎಷ್ಟು ಗೆರೆ ಹಿಡಿಯಿತು ಎಂದು ಹಲಗೆಯ ಮೇಲೆ ಬರೆದುಕೊಳ್ಳುವುದು. ಅವನು ಬರೆದದ್ದರ ಮೇಲೆ ಪಟ್ಟಣದಲ್ಲಿದ್ದ ಮಾಲೀಕರು ದಿನಕ್ಕೆ ಎಷ್ಟು ಗಡಿಯಾರ ಆಗಬೇಕೆಂದು ಕಟ್ಟುಮಾಡುತ್ತಿದ್ದರು. ಎದುರಿಗೆ ಎಲ್ಲರೂ ಸಾಂದೋ ಅವರೇ ಎನ್ನುತ್ತಿದ್ದರು. ಹಿಂದಿನಿಂದ ನೂರಪ್ಪ.

ಹೆಸರು ಅವನಿಗೆ ಗೊತ್ತಿತ್ತು. ಅದರಲ್ಲಿ ಅವನಿಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಪ್ರೀತಿ ಸಿಗದ ಕಡೆ ಮನುಷ್ಯ ಕನಿಷ್ಠ ಖಚಿತವಾಗಿರಬಹುದು.

"ಹಿಂದೆ ಬಿಚ್ಚಿ," ಎಂದಳು ಮಾರ್ತ್.

ಏಳು ವರ್ಷ ಅಂಗೈಯಲ್ಲಿ ಹಿಡಿದಿದ್ದರೂ ಅವನು ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಬಿಚ್ಚುವುದು ಅವನ ಕೆಲಸವಲ್ಲ. ಕಣಿವೆಯಲ್ಲಿ ಕವಚ ಮಾಡುವವನು ಹಲ್ಲು ಮುಟ್ಟುವುದಿಲ್ಲ, ಹಲ್ಲಿನವನು ಸುರುಳಿ ಮುಟ್ಟುವುದಿಲ್ಲ. ಇನ್ನೂರು ವರ್ಷದ ರೂಢಿ. ವರ್ಷಕ್ಕೊಮ್ಮೆ ಎಣ್ಣೆ ಹಾಕಿ ಸರಿಯಿದೆಯೋ ನೋಡಲು ಅವನು ಅದನ್ನು ಮಾರ್ತ್‌ಳ ಬೆಂಚಿಗೇ ಕೊಡುತ್ತಿದ್ದ. ಅವಳಿಂದ ಬಂದದ್ದನ್ನು ಇನ್ನೊಂದು ಗಡಿಯಾರದ ಜೊತೆ ಹೋಲಿಸಿ ನೋಡುವುದೆಂದರೆ ಪಾದ್ರಿ ಕೊಟ್ಟ ರೊಟ್ಟಿಯನ್ನು ತೂಗಿ ನೋಡಿದಂತೆ. ಯಾರೂ ಹಾಗೆ ಮಾಡುತ್ತಿರಲಿಲ್ಲ. ಜ಼್ಯೂರಿಕ್‌ನಲ್ಲಿ ಓದಿಬಂದವನೂ ಮಾಡಲಿಲ್ಲ.

ಮುಚ್ಚಳ ಸಲೀಸಾಗಿ ಬಿಚ್ಚಿಕೊಂಡಿತು. ಒಳಗೆ ಅವಳ ಗುರುತು: ಎಮ್ ಅಕ್ಷರ, ಅದರ ಕೆಳಗೆ ಒಂದು ಚುಕ್ಕಿ, ಇಸವಿ ಅರವತ್ತೊಂದು. ಪಕ್ಕದಲ್ಲಿ ಒಂದು ಅಧಿಕ ಚಿಹ್ನೆ ಮತ್ತು ಆರು.

"ದಿನಕ್ಕೆ ಆರು ಸೆಕೆಂಡು ಮುಂದೆ," ಎಂದ ಔರೆಲ್. ದನಿಯಲ್ಲಿ ಮೆಚ್ಚುಗೆ ತಾನಾಗಿ ಬಂತು. "ಸ್ಟಾಪ್‌ವಾಚಿಗೆ ಇದು ಬಹಳ ಒಳ್ಳೇ ಕೆಲಸ."

"ದಿನಕ್ಕಲ್ಲ. ನೂರಕ್ಕೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, ಅರ್ಥವಾಗಿಲ್ಲವೆಂಬಂತೆ ಚೀಟಿಯ ಮೂರೂ ಸಾಲು ಮತ್ತೆ ಓದಿದ. ಕೊನೆಗೆ ಎದ್ದು ಲೋಲಕದ ಗಡಿಯಾರದ ಮುಂದೆ ನಿಂತ. ಅದರ ಸೆಕೆಂಡಿನ ಮುಳ್ಳು ಮೇಲಕ್ಕೆ ಬಂದಾಗ ಗುಂಡಿ ಒತ್ತಿದ. ಅಂಗೈಯಲ್ಲಿನ ಮುಳ್ಳು ಒಂದು ಸುತ್ತು ಮುಗಿಸಿ ನೂರಕ್ಕೆ ಬಂದಾಗ ತಲೆಯೆತ್ತಿ ನೋಡಿದ. ಗೋಡೆಯ ಮೇಲೆ ನಿಮಿಷ ಮುಗಿಯಲು ಇನ್ನೂ ಮೂರೂವರೆ ಸೆಕೆಂಡು ಬಾಕಿ ಇತ್ತು. ಆ ಮೂರೂವರೆ ಸೆಕೆಂಡನ್ನೂ ಅವನು ನಿಂತು ನೋಡಿದ.

"ಯಾವತ್ತಿಂದ?"

"ಬರ್ದಿದೆಯಲ್ಲ. ಅರವತ್ತೊಂದು."

"ಯಾಕೆ?"

"ನಿಮ್ಮ ಗಡಿಯಾರ ಬೇಗ ಓಡಿದ್ರೆ ನಾವು ನಿಧಾನ ಕಾಣ್ತೀವಿ. ನಾವು ನಿಧಾನ ಕಂಡ್ರೆ ಪಟ್ಟಣದವರು ಕಮ್ಮಿ ಕೇಳ್ತಾರೆ. ಒಬ್ಬೊಬ್ಬರಿಗೆ ದಿನಕ್ಕೆ ಮೂವತ್ತು ಗಡಿಯಾರ ಕಮ್ಮಿ. ಕಣ್ಣು ಸ್ವಲ್ಪ ಉಳೀತು, ಬೆನ್ನು ಸ್ವಲ್ಪ ಉಳೀತು."

"ಯಾರ್ಯಾರಿಗೆ ಗೊತ್ತಿತ್ತು?"

"ಮಹಡಿಯವರಿಗೆ. ಮೂವತ್ತೆಂಟು ಜನಕ್ಕೆ."

ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಅವನು ಅದರ ಸುತ್ತ ಒಂದು ಸುತ್ತು ಹಾಕಿದ. ಒಲೆಗೆ ಸೌದೆ ಇಟ್ಟು ಬಂದ.

"ಲಿಲಿಯಾನ್‌ಗೆ?"

ಮಾರ್ತ್ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದಳು. "ಮೂವತ್ತೆಂಟರಲ್ಲಿ ಅವಳೂ ಒಬ್ಬಳು."

ಬೂದಿಯಲ್ಲಿ ಹೂತ ಸಾಸೇಜಿನ ವಾಸನೆ ಎಲ್ಲಿಂದಲೋ ಬಂತು. ಶರತ್ಕಾಲದ ಭಾನುವಾರಗಳಲ್ಲಿ ಊರೆಲ್ಲ ಮೇಲಿನ ಹುಲ್ಲುಗಾವಲಿಗೆ ಹೋಗಿ, ದೊಡ್ಡ ಬೆಂಕಿ ಹಾಕಿ, ಕೆಂಡ ಆರಿದ ಮೇಲೆ ಸಾಸೇಜನ್ನು ಕೋಸಿನ ಎಲೆಯಲ್ಲಿ ಸುತ್ತಿ ಬೂದಿಯೊಳಗೆ ಮುಚ್ಚುತ್ತಿದ್ದರು. ಒಂದು ಗಂಟೆ ಬೇಕು. ಒಂದು ವರ್ಷ ನೂರಪ್ಪನೇ ಸಮಯ ನೋಡಲಿ ಎಂದು ಯಾರೋ ಕೂಗಿದರು. ಅವನು ಗಂಭೀರವಾಗಿ ಗುಂಡಿ ಒತ್ತಿದ್ದ. ಲಿಲಿಯಾನ್ ಪಕ್ಕದಲ್ಲಿ ಕೂತಿದ್ದಳು, ಮೊಣಕಾಲ ಮೇಲೆ ಗಲ್ಲ ಊರಿ. ಆಗಲೇ ಎರಡು ಸಲ ಪಟ್ಟಣಕ್ಕೆ ಸಿನಿಮಾಕ್ಕೆ ಜೊತೆಯಾಗಿ ಹೋಗಿ ಬಂದಿದ್ದರು. ಮೂರನೆಯ ಸಲಕ್ಕೆ ಅವನು ಏನೋ ಕೇಳುವವನಿದ್ದ. ಚಿಕ್ಕ ಮುಳ್ಳು ಅರ್ಧ ಗಂಟೆಯ ಸುತ್ತನ್ನು ಎರಡು ಸಲ ಮುಗಿಸಿದಾಗ ಅವನು ಆಯಿತು ಎಂದ.

"ಇನ್ನೂ ಮೂರು ನಿಮಿಷ ಬಿಡು," ಎಂದಿದ್ದಳು ಅವಳು.

"ಗಂಟೆ ಆಯ್ತು. ನೋಡು ಬೇಕಾದ್ರೆ."

"ನೋಡ್ದೆ. ಆದ್ರೂ ಬಿಡು."

ಅವನು ಬಿಡಲಿಲ್ಲ. ಸಾಸೇಜು ನಡುವೆ ಹಸಿಯಾಗಿತ್ತು. ಹೆಂಗಸರು ನಕ್ಕರು, ಕಣ್ಣೊರೆಸಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಒಂದು ಹಸಿ ಸಾಸೇಜಿಗೆ ಅಷ್ಟು ಹೊತ್ತು ನಗುವುದೇನಿದೆ ಎಂದು ಅವನಿಗೆ ಆಗ ತಿಳಿದಿರಲಿಲ್ಲ. ಆದರೂ ಮೂವತ್ತು ವರ್ಷದಿಂದ ಆ ಸಂಜೆಯನ್ನು ಅವನು ತನ್ನ ಬದುಕಿನ ಸುಖದ ದಿನವೆಂದು ಎತ್ತಿಟ್ಟುಕೊಂಡಿದ್ದ. ಎಲ್ಲರೂ ಒಟ್ಟಿಗೆ ನಕ್ಕದ್ದು, ತಾನೂ ಅವರ ಜೊತೆ ನಕ್ಕದ್ದು.

"ಸುತ್ತೋಲೆ ಬರುತ್ತೆ ಅಂತ ನಮಗೇನು ಗೊತ್ತಿತ್ತು," ಎಂದಳು ಮಾರ್ತ್.

ಪಟ್ಟಣದಿಂದ ಸುತ್ತೋಲೆ ಬಂದದ್ದು ಮರುವರ್ಷದ ಫೆಬ್ರವರಿಯಲ್ಲಿ. ಒಂದು ಚಕ್ರಕ್ಕೆ ಸರಾಸರಿ ನೂರು ಗೆರೆ ದಾಟಿದವರು ಬೆಂಚನ್ನೂ ಕೆಲಸವನ್ನೂ ಬಿಡಬೇಕು. ಮೂವತ್ತೇಳು ಜನ ತೊಂಬತ್ತರ ಆಸುಪಾಸಿನಲ್ಲಿದ್ದರು. ಲಿಲಿಯಾನ್ ಎಡಗೈಯವಳು, ಬೆಂಚುಗಳೆಲ್ಲ ಬಲಗೈಯವರ ಅಳತೆಗೆ ಮಾಡಿದ್ದವು.

ಮೂರು ಸಲ ಅಳೆದಿದ್ದ. ಅವಳು ಭೂತಗನ್ನಡಿ ತೆಗೆದು ತಲೆಯೆತ್ತಿದಳು. ಕಣ್ಣಿನ ಸುತ್ತ ಕೆಂಪು ಬಳೆಯಂಥ ಗುರುತು ಬಿದ್ದಿತ್ತು.

"ಎಷ್ಟಾಯ್ತು?"

"ನೂರ ಮೂರು."

"ಖಂಡಿತಾನಾ?"

"ಗಡಿಯಾರ ಸುಳ್ಳು ಹೇಳಲ್ಲ, ಲಿಲಿಯಾನ್."

ಅವಳು ನಕ್ಕಳು. ಸಾಲಿನಲ್ಲಿದ್ದ ಚಿಮುಟಗಳೆಲ್ಲ ನಿಂತಿದ್ದವು. ಅವನು ಬರೆದ. ಅಂಕಿಗಳು ಎಂದಿನಂತೆ ದುಂಡಗೆ ಬಂದವು. ಅದು ತನ್ನ ಬದುಕಿನ ಅತ್ಯಂತ ಪ್ರಾಮಾಣಿಕ ಗಳಿಗೆ ಎಂದು ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಪ್ರೀತಿಸಿದವಳಿಗೂ ಒಂದು ಗೆರೆ ಕಡಿಮೆ ಮಾಡಲಿಲ್ಲ. ವಾರದೊಳಗೆ ಅವಳು ಬಿಯೆನ್‌ಗೆ ಹೋದಳು. ಅಲ್ಲೇ ಒಬ್ಬ ಬಸ್ ಡ್ರೈವರನನ್ನು ಮದುವೆಯಾದಳಂತೆ. ಆ ನಗುವನ್ನು ಮಾತ್ರ ಬಿಟ್ಟು ಹೋಗಿದ್ದಳು. ಒಂದೊಂದು ವರ್ಷ ಅದು ಕ್ಷಮೆಯಂತೆ ಕಾಣುತ್ತಿತ್ತು, ಒಂದೊಂದು ವರ್ಷ ತಾತ್ಸಾರದಂತೆ.

"ಚಿಮುಟ ಎಲ್ಲಾ ನಿಂತಿದ್ದವು," ಎಂದ ಔರೆಲ್. "ಅವಳ ಮೇಲಿನ ಮರುಕಕ್ಕೆ ಅಂದುಕೊಂಡಿದ್ದೆ."

"ಯಾರು ಮೊದಲು ಬಾಯಿ ಬಿಡ್ತಾರೆ ಅಂತ. ಅವಳ ಪಕ್ಕದ ಬೆಂಚು ನಂದು, ನಾನು ಏಳೋಕೆ ಹೋದೆ. ಅವಳು ಕೆಳಗಿಂದ ನನ್ನ ಕಾಲು ತುಳಿದಳು. ಬೂಟು ಹಾಕಿದ್ಳು. ಉಗುರು ಕಪ್ಪಾಗಿತ್ತು ನಂದು, ಎರಡು ತಿಂಗಳು."

"ನೀವು ಹೇಳಿದ್ರೆ ಅವಳು ಉಳೀತಿದ್ಳು."

"ಅವಳೊಬ್ಬಳು ಉಳೀತಿದ್ಳು. ಮಿಕ್ಕವರಿಗೆ ದಿನಕ್ಕೆ ಮೂವತ್ತು ಗಡಿಯಾರ ಮತ್ತೆ ಹತ್ಕೊಳ್ತಿತ್ತು. ಅವಳು ಬೇಡ ಅಂದ್ಳು. ತಾನು ಬದುಕಿರೋ ತನಕ ನಿಮಗೆ ಹೇಳ್ಬಾರ್ದು ಅಂತ ಮಾತು ತಗೊಂಡ್ಳು." ಮಾರ್ತ್ ಕೈಗವಸನ್ನು ಚೀಲದ ಮೇಲಿಟ್ಟಳು. "ಅವಳ ಮಗಳ ಕಾಗದ ಬಂತು. ಹೋದ ಮಂಗಳವಾರ ಮಣ್ಣು ಮಾಡಿದರಂತೆ."

ಹೊರಗೆ ಟ್ರ್ಯಾಕ್ಟರು ಹೊಲದ ಕೊನೆಯಲ್ಲಿ ತಿರುಗಿಕೊಂಡಿತು. ಔರೆಲ್ ಕೇಳಿಸಿಕೊಂಡದ್ದಕ್ಕೆ ತಲೆಯಾಡಿಸಿದ. ಹವಾಮಾನದ ಸುದ್ದಿಗೆ ಆಡಿಸುವಷ್ಟೇ.

"ನೀವೂ ಒಂದು ಕೆಲಸ ಮಾಡ್ಬಹುದಿತ್ತು," ಎಂದಳು ಮಾರ್ತ್.

"ಏನು?"

"ತೊಂಬತ್ತೊಂಬತ್ತು ಅಂತ ಬರೀಬಹುದಿತ್ತು."

"ಅದು ಸುಳ್ಳಾಗ್ತಿತ್ತು."

"ಇಲ್ಲ, ಸಾಂದೋ ಅವರೇ. ಅವಳದ್ದು ತೊಂಬತ್ತೇಳು. ನೀವು ಸುಳ್ಳು ಬರೆದಿದ್ರೂ ನಿಜಕ್ಕಿಂತ ಎರಡು ಜಾಸ್ತೀನೇ ಆಗ್ತಿತ್ತು."

ಅವನಿಗೆ ನಗು ಬರುವಂತಾಯಿತು. ಬರಲಿಲ್ಲ. ತಾನು ಕೆಟ್ಟವನೂ ಆಗಿರಲಿಲ್ಲ, ಒಳ್ಳೆಯವನೂ ಆಗಿರಲಿಲ್ಲ. ಏಳು ವರ್ಷ ಮೂವತ್ತೆಂಟು ಹೆಂಗಸರ ಬೆನ್ನ ಹಿಂದೆ ಅವರೇ ತಿರುಗಿಸಿಬಿಟ್ಟ ಮುಳ್ಳನ್ನು ಹಿಡಿದುಕೊಂಡು ಗಂಭೀರವಾಗಿ ನಿಂತಿದ್ದವನು. ಅವರು ಅವನನ್ನು ದ್ವೇಷಿಸಿರಲೂ ಇಲ್ಲ. ದ್ವೇಷಕ್ಕೆ ಕಾರಣವೇ ಇರಲಿಲ್ಲ.

ಮಾರ್ತ್ ಚೀಲದಿಂದ ಒಂದು ಚರ್ಮದ ಸುರುಳಿ ತೆಗೆದು ಮೇಜಿನ ಮೇಲೆ ಹರಡಿದಳು. ಎರಡು ಚಿಮುಟ, ಒಂದು ಸೂಜಿ, ಭೂತಗನ್ನಡಿ. ಹಿಡಿಗಳು ಅವಳ ಬೆರಳಿನ ಆಕಾರಕ್ಕೇ ಸವೆದಿದ್ದವು.

"ಒಳಗಿನ ಉಕ್ಕಿನ ಎಳೆಯ ತುದಿ ಕತ್ತರಿಸಿಲ್ಲ ನಾನು. ಮಡಿಸಿ ಒಳಗೇ ಬಿಟ್ಟಿದ್ದೀನಿ. ಯಾವತ್ತಾದರೂ ಬೇಕಾಗುತ್ತೆ ಅಂತ. ಸ್ವಲ್ಪ ಸಡಿಲ ಬಿಟ್ಟು ಮತ್ತೆ ಕಚ್ಚಿಸಿದ್ರೆ ಮೊದಲಿನ ಹಾಗೆ ಆಗುತ್ತೆ. ಒಂದು ಗಂಟೆ ಕೆಲಸ." ಅವಳು ಕಿಟಕಿಯ ಬೆಳಕನ್ನು ಅಳೆದಳು. "ಬಲಗಣ್ಣು ಹೋಯ್ತು. ಎಡಗಣ್ಣು ಈ ಚಳಿಗಾಲ ದಾಟಲ್ಲ ಅಂತಾರೆ ಡಾಕ್ಟರು. ಐವತ್ತು ವರ್ಷ ಗುರುತು ಹಾಕಿದ್ದೀನಿ. ಅದರ ಕೆಳಗೆ ಸುಳ್ಳು ಗಡಿಯಾರ ಅಂತ ಇರೋದು ಇದೊಂದೇ. ಅವಳಿಗೆ ತೀರಿಸೋಕಾಗಲಿಲ್ಲ. ಇದನ್ನಾದ್ರೂ ತೀರಿಸಿ ಹೋಗ್ತೀನಿ. ಕೊಡಿ."

ಅವಳು ಅಂಗೈ ಚಾಚಿದಳು. ಔರೆಲ್ ಗಡಿಯಾರವನ್ನು ಮುಚ್ಚಿದ.

"ಮ್ಯೂಸಿಯಂ ವಸ್ತುವನ್ನ ಬದಲಾಯಿಸೋ ಹಾಗಿಲ್ಲ."

"ಇನ್ನೂ ಮ್ಯೂಸಿಯಂದು ಆಗಿಲ್ವಲ್ಲ. ಚೀಟಿ ಪೂರ್ತಿ ಆಗಿಲ್ಲ."

ಅವನು ಚೀಟಿಯ ಮೂಲೆಯಲ್ಲಿ ಸಂಖ್ಯೆ ಬರೆದ. ದಪ್ಪ ಪುಸ್ತಕ ತೆರೆದು ಅಲ್ಲೂ ಅದೇ ಸಂಖ್ಯೆ ಬರೆದ. "ಸಂಖ್ಯೆ ಬಿತ್ತು. ಇನ್ನು ನಿಯಮ ಇದೆ. ಬಂದ ಸ್ಥಿತಿಯಲ್ಲೇ ಇಡಬೇಕು."

ಮಾರ್ತ್‌ಳ ಕೈ ಇನ್ನೂ ಚಾಚಿಕೊಂಡೇ ಇತ್ತು. ಅವಳು ಅದನ್ನು ಬೇರೆ ಯಾರದೋ ಎಂಬಂತೆ ನೋಡಿ ಹಿಂದಕ್ಕೆ ತೆಗೆದುಕೊಂಡಳು.

"ಆವತ್ತೂ ನಿಮ್ಮ ಕೈ ಹೀಗೇ ಓಡ್ತು."

ಸಾಮಾನು ಸುತ್ತಿಕೊಂಡಳು. ನೀಲಿ ಕಾಗದವನ್ನು ನಾಲ್ಕಾಗಿ ಮಡಿಸಿ ಅದನ್ನೂ ಚೀಲಕ್ಕೆ ಹಾಕಿಕೊಂಡಳು. ಬಾಗಿಲ ಬಳಿ ತಿರುಗಿದಳು. "ನಾಲ್ಕನೇ ಸಾಲು?"

"ನೋಡ್ತೀನಿ."

"ಬೆಳಕಿರೋ ತನಕ ನಾನು ಬೆಂಚಲ್ಲೇ ಇರ್ತೀನಿ. ಬೆಳಕು ಹೋದ್ರೆ ದೀಪ ಹಾಕ್ಕೊಂಡು ಇರ್ತೀನಿ."

ಅವಳು ಚೌಕ ದಾಟುವುದನ್ನು ಅವನು ಕಿಟಕಿಯಿಂದ ನೋಡಿದ. ಹಿಮ ಶುರುವಾಗಿತ್ತು, ಇನ್ನೂ ನೆಲಕ್ಕೆ ಹತ್ತದಂಥದು.

ಸರಿಮಾಡಿದರೆ ಲಿಲಿಯಾನಳ ತೊಂಬತ್ತೇಳಕ್ಕೆ ಲೋಕದಲ್ಲಿ ಸಾಕ್ಷಿಯೇ ಇರುವುದಿಲ್ಲ, ಅದಕ್ಕೇ ಕೊಡಲಿಲ್ಲ ಎಂದು ತನಗೆ ಹೇಳಿಕೊಂಡ. ಹೇಳಿಕೊಂಡದ್ದು ಚೆನ್ನಾಗಿತ್ತು. ತಪ್ಪಿದ್ದು ಮುದುಕಿಯ ಕೈಯಲ್ಲ, ತನ್ನ ಲೆಕ್ಕ, ಅವಳು ತೀರಿಸಬೇಕಾದ್ದಿಲ್ಲ ಎಂದೂ ಹೇಳಿಕೊಂಡ, ಅದೂ ಚೆನ್ನಾಗಿತ್ತು. ಮಾತುಗಳು ಒಂದರ ಮೇಲೊಂದು ಸೌದೆಯಂತೆ ಒಟ್ಟಿಕೊಂಡವು. ಅವುಗಳ ಹಿಂದೆ ಇದ್ದದ್ದು ಇಷ್ಟೇ: ಅವಳು ಕೈ ಚಾಚಿದಾಗ, ಯಾರೋ ಮತ್ತೆ ತನ್ನಿಂದ ಏನನ್ನೋ ಕಸಿಯುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತ್ತು. ಏನನ್ನು ಎಂದು ತಿಳಿದಿದ್ದರೆ ಕೊಟ್ಟುಬಿಡುತ್ತಿದ್ದನೇನೋ.

ಉಪಯೋಗ ಎಂಬುದರ ಮುಂದೆ ಅವನು ಪೆನ್ನು ಇಟ್ಟ. ಕೆಲಸದ ವೇಗ ಅಳೆಯಲು ಎಂದು ಬರೆಯಬಹುದಿತ್ತು. ಮೂವತ್ತೆಂಟು ಹೆಂಗಸರ ಕಣ್ಣು ಉಳಿಸಲು ಎಂದೂ. ಒಬ್ಬಳನ್ನು ಊರು ಬಿಡಿಸಲು ಎಂದೂ. ಬೆಳಿಗ್ಗೆ ಫ್ರಿಟ್ಸ್‌ನ ಹುಲ್ಲನ್ನು ಬರೆಯಲಾರದವನಿಗೆ ಈಗ ಯಾವುದನ್ನೂ ಬರೆಯುವ ಧೈರ್ಯ ಬರಲಿಲ್ಲ. ಕಾಗದದ ಮೇಲೆ ಶಾಯಿಯ ಒಂದು ಚುಕ್ಕಿ ಬಿದ್ದು ಹರಡಿತು.

ಚರ್ಚಿನ ಗಂಟೆ ನಾಲ್ಕು ಹೊಡೆಯಿತು. ಕೊನೆಯ ಸದ್ದಿಗೆ ಅವನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು.

ಅವನು ಏನೂ ಮಾಡಲಿಲ್ಲ. ಮುಳ್ಳು ಓಡುವುದನ್ನು ನೋಡಿದ. ಎಷ್ಟು ಚೆಂದ ಓಡುತ್ತಿತ್ತು. ಒಂದು ತಡವರಿಕೆಯಿಲ್ಲ, ಒಂದು ಗೊಣಗಾಟವಿಲ್ಲ. ಸುಳ್ಳನ್ನು ಕೂಡ ಈ ಕಣಿವೆಯವರು ಎಷ್ಟು ನಿಖರವಾಗಿ ಮಾಡಿದ್ದರು. ಬೂದಿಯ ವಾಸನೆ ಮತ್ತೆ ಬಂತು. ಮೊಣಕಾಲ ಮೇಲೆ ಗಲ್ಲ ಊರಿದವಳು ಮತ್ತೆ ಇನ್ನೂ ಮೂರು ನಿಮಿಷ ಬಿಡು ಎಂದಳು. ಚಿಕ್ಕ ಮುಳ್ಳು ಒಂದು ಸುತ್ತು ಮುಗಿಸಿತು. ಕೋಣೆ ಕತ್ತಲಾಯಿತು. ಚಿಕ್ಕ ಮುಳ್ಳು ಎರಡನೆಯ ಸುತ್ತು ಮುಗಿಸಿತು.

ಐದು. ಔರೆಲ್ ಕೋಟು ಹಾಕಿಕೊಂಡು, ಗಡಿಯಾರವನ್ನು ಅಂಗೈಯಲ್ಲಿ ಹಿಡಿದು, ಬಾಗಿಲಿಗೆ ಬೀಗ ಹಾಕಿದ.

ಹಾಲಿನ ಕ್ಯಾನು ಹೊತ್ತು ಹೋಗುತ್ತಿದ್ದ ಫ್ರಿಟ್ಸ್ ನಿಂತ. "ಏನೋ, ಹಾಕ್ಬಿಟ್ಯಾ ಬಾಗ್ಲು? ಇನ್ನೂ ಐದಾಗಿಲ್ವಲ್ಲೋ."

"ಆಯ್ತು."

"ಗಂಟೆ ಹೊಡೀಲಿಲ್ಲ."

"ನನ್ನದರಲ್ಲಿ ಆಯ್ತು."

ಫ್ರಿಟ್ಸ್ ಅವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಏನೋ ಹೇಳಹೊರಟು, ಹಾಲು ತಣ್ಣಗಾಗುತ್ತದೆಂದು ಹೊರಟುಹೋದ.

ಈಗ ಹಿಮ ನೆಲಕ್ಕೆ ಹತ್ತುತ್ತಿತ್ತು. ಬೆಳಿಗ್ಗೆ ಎರಚಿದ ಗೊಬ್ಬರ ಮರೆಯಾಗಿತ್ತು. ಚೌಕದ ಆ ಬದಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪವಿತ್ತು. ದೀಪದ ಕೆಳಗೆ ಬೆಂಚು, ಬೆಂಚಿನ ಮೇಲೆ ಬಿಳಿಯ ಕಾಗದ, ಕಾಗದದ ಮೇಲೆ ಎರಡು ಚಿಮುಟ. ಮಾರ್ತ್ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ನಲವತ್ತು ಹೆಜ್ಜೆ. ಔರೆಲ್ ಇಪ್ಪತ್ತು ನಡೆದು ನಿಂತ. ಇನ್ನೂ ಮೂರು ನಿಮಿಷ, ಗಂಟೆ ಹೊಡೆದ ಕೂಡಲೇ ಹೋಗಿ ಬಾಗಿಲು ತಟ್ಟುತ್ತೇನೆ ಎಂದುಕೊಂಡ.

ಊರೆಲ್ಲ ಇನ್ನೂ ನಾಲ್ಕರಲ್ಲಿತ್ತು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು, ಅಂಗಡಿಯಲ್ಲಿ ಯಾರೋ ರೊಟ್ಟಿ ಕೇಳುತ್ತಿದ್ದರು. ಅವನೊಬ್ಬನು ಐದರಲ್ಲಿ ನಿಂತಿದ್ದ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಂಗೈಯಲ್ಲಿ ಮುಳ್ಳು ಓಡುತ್ತಲೇ ಇತ್ತು. ಹಿಮ ಅವನ ಹಿಂದಿನ ಇಪ್ಪತ್ತು ಹೆಜ್ಜೆಗಳನ್ನು ಒಂದೊಂದಾಗಿ ತುಂಬುತ್ತಾ ಬಂತು, ಟೋಪಿಯ ಮೇಲೆ ಕೂತಿತು, ಭುಜದ ಮೇಲೆ ಕೂತಿತು. ಅವನು ಚರ್ಚಿನ ಗೋಪುರದ ಕಡೆ ಮುಖವೆತ್ತಿ ಕಿವಿಗೊಟ್ಟು ನಿಂತೇ ಇದ್ದ.